ಏರಿ ಒಡೆಯುವವರ ಊರಿನಲ್ಲಿ ನನ್ನ ಕಂಬಳಿ

ಹಿಂದೂಪುರ

ನನ್ನ ತೋಟ ಮುಳುಗಿಸೋಕೆ ಸರ್ಕಾರ ಗ್ರಾಂಟು ಕೊಡುತ್ತೆ ಅಂತ ಮೊದಲ ಸಲ ಕೇಳಿದಾಗ ನಾನು ಬೈದಿದ್ದೆ. ಯಾರನ್ನ ಬೈಯೋದು ಅಂತ ಗೊತ್ತಾಗದೆ ಸುದ್ದಿ ತಂದವರನ್ನೇ ಬೈದು ಕಾಫಿ ಕೊಟ್ಟು ಕಳಿಸಿದ್ದೆ.

ಪರಿಗಿ ಹತ್ತಿರದ ನಮ್ಮೂರ ಕೆರೆಗೆ ಹೊಸ ಸ್ಕೀಮು ಬಂದಿತ್ತು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗೋ ಕೋಡಿಯನ್ನ ಒಂದು ಮೊಳ ಎತ್ತರಿಸಿದರೆ ಕೆರೆ ಹಿಂದಿನಷ್ಟೇ ಅಗಲವಾಗಿ ಹರಡುತ್ತದಂತೆ. ನಮ್ಮ ಹುಣಸೆ ಮರಗಳಿಗೆ ಬರೋದು ಬಿಟ್ಟಿದ್ದ ಬಣ್ಣದ ಕೊಕ್ಕರೆಗಳು ವಾಪಸ್ ಬರಬಹುದಂತೆ, ಬೋರುಗಳಿಗೂ ನೀರು ಸಿಗಬಹುದಂತೆ. ಎಲ್ಲಾ ಒಳ್ಳೇದೇ. ಆದರೆ ಆ ಅಗಲದೊಳಗೆ ಬರೋದು ನನ್ನ ಹಿಪ್ಪುನೇರಳೆ ತೋಟ. ನಮ್ಮತ್ತೆ ಕೈಯಾರೆ ಕಡ್ಡಿ ನೆಟ್ಟಿದ್ದು. ನಾನು ಸೊಸೆಯಾಗಿ ಬಂದ ವಾರದಿಂದ ಅವತ್ತಿನವರೆಗೂ ಅದರ ಸೊಪ್ಪು ಕೊಯ್ದು ರೇಷ್ಮೆಹುಳ ಸಾಕಿದವಳು. ಹಿಂದೂಪುರದ ಗೂಡಿನ ಮಾರ್ಕೆಟ್ಟಿನಲ್ಲಿ ಜಾಲರಿ ತಟ್ಟೆ ನೋಡಿದ ತಕ್ಷಣ ಇದು ರಂಗಮ್ಮನ ಗೂಡು ಅಂತ ಹೇಳೋ, ಗೂಡಿನಿಂದ ನೂಲು ತೆಗೆಯೋ ರೀಲರುಗಳಿದ್ದಾರೆ.

ಕೆರೆ ಅಂಚಿನ ಬಾಕಿ ಎಲ್ಲರೂ ಪರಿಹಾರಕ್ಕೆ ಒಪ್ಪಿ ಆಗಿತ್ತು. ಉಳಿದವಳು ನಾನೊಬ್ಬಳೇ. ನಾನು ಹ್ಞೂಂ ಅಂದರೆ ಕೆಲಸ ಶುರು, ಇಲ್ಲ ಅಂದರೆ ಸ್ಕೀಮು ಇನ್ನೊಂದು ಊರಿಗೆ.

ಸ್ಕೀಮು ನಡೆಸೋ ಹಿಂದೂಪುರದ ಸಂಸ್ಥೆಯವರು ಜಾಣರು. ವಾದ ಮಾಡೋದು ಬಿಟ್ಟು, "ಇಂಗ್ಲೆಂಡಿನಾಗೆ ಕಡಲ ಪಕ್ಕ ಒಬ್ಬ ರೈತಮ್ಮ ಅವ್ರೆ. ಸರ್ಕಾರದ ಗ್ರಾಂಟು ತಗಂಡು ಹೊಲಾನ ಕಡಲಿಗೆ ಬಿಡ್ತಾವ್ರೆ. ಹೋಗಿ ನೋಡ್ಕೊಂಡು ಬಾ ರಂಗಮ್ಮ, ಆಮ್ಯಾಕೆ ಬ್ಯಾಡ ಅನ್ನು," ಅಂದರು. ಅಲ್ಲಿಯ ಗ್ರಾಂಟಿನಲ್ಲೇ ನಮ್ಮಂಥವರನ್ನ ಕರೆಸಿಕೊಳ್ಳೋಕೂ ಅವಕಾಶ ಇದೆಯಂತೆ.

ಕಡಲ ಹತ್ತಿರದ ನೆಲ್ಲೂರಿಗೆ ಹೋಗಿಯೂ ಕಡಲು ನೋಡದವಳು ನಾನು. ನಮ್ಮೆಜಮಾನರನ್ನ ಕೇಳಿದೆ. ಹುಳ ಆಗ ಮೂರನೇ ಜ್ವರ, ಅಂದರೆ ಪೊರೆ ಬಿಡೋ ನಿದ್ದೆ, ಮುಗಿಸಿ ಎದ್ದು ಗಬಗಬ ತಿನ್ನುತ್ತಿದ್ದವು. ಅವರು ಸೊಪ್ಪು ಹಾಕುತ್ತಾ, "ಹುಳ ನಾನ್ ನೋಡ್ಕಂತೀನಿ, ನೀನು ಹೋಗ್ಬುಟ್ಟು ಬಾ. ಇಲ್ಲಾಂದ್ರೆ ಸಾಯಾಗಂಟ ಹೋಗ್ಬೇಕಿತ್ತು ಅಂತ ನನ್ ತಲೆ ತಿಂತೀಯ," ಅಂದರು. ಇಂಗ್ಲಿಷಿಗೆ ನನ್ನ ಮೈದುನ ನಾಗರಾಜ ಜೊತೆಯಾದ. ಕಲ್ಯಾಣದುರ್ಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕಂಬದೂರಿನ ನನ್ನ ತವರಿನಿಂದ ಅಣ್ಣ ಒಂದು ಕರೀ ಕಂಬಳಿ ಕಳಿಸಿದ್ದ. ಅಲ್ಲಿ ಚಳಿಯಂತೆ ಕಣಮ್ಮ, ಹೊದ್ಕೋ ಅಂತ ಹೇಳಿ ಕಳಿಸಿದ್ದ. ಆ ಕಂಬಳಿಯ ಕುರಿವಾಸನೆಗೆ ಲಂಡನ್ನಿನ ವಿಮಾನ ನಿಲ್ದಾಣದ ಆಫೀಸರು ಮೂಗು ಹಿಡಿದುಕೊಂಡೇ ನನ್ನನ್ನ ಒಳಗೆ ಬಿಟ್ಟ.

ಕಡಲಿಲ್ಲದ ಕಡಲ ತೀರ

ರೈಲಿಳಿದಾಗ ಹೆಲೆನ್ ಅನ್ನೋ ಹೆಂಗಸು ಕಾರು ತಂದಿದ್ದಳು. ರೈತರ ಮನೆ ಮನೆಗೆ ಹೋಗಿ ಗ್ರಾಂಟು ವಿವರಿಸಿ ಒಪ್ಪಿಸೋದು ಅವಳ ಉದ್ಯೋಗ. ಕಾರಿನ ತುಂಬ ಕೆಸರು ಮೆತ್ತಿದ ಬೂಟುಗಳು, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣಗಳು. ಆಫೀಸರು ಅಂದರೆ ಇಸ್ತ್ರಿ ಸೀರೆ, ಬ್ಯಾಗು, ಹಿಂದೆ ಒಬ್ಬ ಅಟೆಂಡರು ಅಂದುಕೊಂಡಿದ್ದ ನನಗೆ ಆ ಬೂಟು ನೋಡಿಯೇ ಅವಳ ಮೇಲೆ ಅರ್ಧ ನಂಬಿಕೆ ಬಂತು.

"ಮೊದಲು ಕಡಲು ತೋರ್ಸು ಅನ್ನು," ಅಂತ ನಾಗರಾಜನಿಗೆ ಹೇಳಿದೆ. ಹೆಲೆನ್ ಒಂದು ದಿಬ್ಬದ ಹತ್ತಿರ ನಿಲ್ಲಿಸಿದಳು. ದಿಬ್ಬ ಅಂದರೆ ಏರಿ, ನಮ್ಮ ಕೆರೆ ಏರಿ ಥರವೇ, ಮೇಲೆಲ್ಲ ಹುಲ್ಲು. ಹತ್ತಿ ನೋಡಿದೆ. ಆಚೆ ಕಡೆ ನೀರೇ ಇಲ್ಲ. ಕಣ್ಣು ಹಾಯೋವರೆಗೂ ಬೂದು ಬಣ್ಣದ ಕೆಸರು, ಅಲ್ಲಲ್ಲಿ ಬಿರುಕು, ನಡುವೆ ಸಣ್ಣ ಸಣ್ಣ ಕಾಲುವೆ.

"ಇದೇನಪ್ಪ, ಬ್ಯಾಸಿಗೇಲಿ ನಮ್ ಕೆರೆ ನೋಡ್ದಂಗೈತೆ. ಇದನ್ನ ನೋಡಾಕೆ ಇಷ್ಟು ದೂರ ಕರ್ಕಂಬಂದೆಯಾ?"

"ನೀರು ಹೋಗೈತೆ ಅತ್ತಿಗೆ. ಸಾಯಂಕಾಲಕ್ಕೆ ಬತ್ತದೆ. ದಿನಕ್ಕೆ ಎರಡು ದಫ ಬಂದು ಹೋಯ್ತದಂತೆ."

ದಿನಕ್ಕೆರಡು ಸಲ ತುಂಬಿ ದಿನಕ್ಕೆರಡು ಸಲ ಬತ್ತೋ ಕೆರೆ. ನಾವು ಮೂರು ವರ್ಷಕ್ಕೊಮ್ಮೆ ತುಂಬಿದರೆ ಗಂಗಮ್ಮನಿಗೆ ಬಾಗಿನ ಕೊಡೋರು. ನಂಬಿಕೆ ಬರಲಿಲ್ಲ, ಮುಟ್ಟಿ ನೋಡೋಣ ಅಂತ ಇಳಿದೆ. ಕೆಸರು ಮೊಣಕಾಲಿನವರೆಗೂ ಎಳೆದುಕೊಂಡಿತು. ಹೆಲೆನ್ ಒಂದು ಕಡೆ, ನಾಗರಾಜ ಒಂದು ಕಡೆ ಹಿಡಿದು ಎಳೆದರು. ನಾನು ಬಂದೆ, ನನ್ನ ಚಪ್ಪಲಿ ಬರಲಿಲ್ಲ.

ಏರಿಯ ಮೇಲೆ ದುರ್ಬೀನು ಇಟ್ಟುಕೊಂಡು ನಿಂತಿದ್ದ ಹತ್ತಾರು ಜನ ಇದನ್ನೆಲ್ಲ ನೋಡಿದರು. ಒಬ್ಬರೂ ನಗಲಿಲ್ಲ. ನನಗಿಂತ ಮೊದಲು ಅವರೇ ಸಾರಿ ಸಾರಿ ಅಂದರು. ಹಕ್ಕಿ ನೋಡೋಕೆ ಬಂದವರಂತೆ. ಪಿಸುಮಾತಿನಲ್ಲಿ ಮಾತಾಡುತ್ತಾರೆ, ಬಗ್ಗಿ ನಡೆಯುತ್ತಾರೆ. ನಮ್ಮೂರಲ್ಲಿ ಕೊಕ್ಕರೆ ಗೂಡಿನ ಕೆಳಗೇ ಮಂಚ ಹಾಕಿ ಮಲಗುತ್ತಿದ್ದೆವು, ಅವು ಮೇಲಿಂದ ಮಾಡೋದೆಲ್ಲ ನಮ್ಮ ಮೇಲೇ ಮಾಡುತ್ತಿದ್ದವು. ಮರಿ ಇರೋವರೆಗೂ ಆ ಮರದ ಹುಣಸೆ ಹಣ್ಣು ಯಾರೂ ಉದುರಿಸುತ್ತಿರಲಿಲ್ಲ. ಪಿಸುಗುಟ್ಟಬೇಕು ಅಂತ ಮಾತ್ರ ನಮಗೆ ಯಾವತ್ತೂ ಹೊಳೆದಿರಲಿಲ್ಲ.

ಜೀನಮ್ಮನ ಅಡುಗೆಮನೆ

ಹೊಲದ ಒಡತಿಯ ಹೆಸರು ಜೀನ್. ನನ್ನ ಬಾಯಿಗೆ ಜೀನಮ್ಮ ಅಂತಲೇ ಬಂತು, ಅವಳಿಗೂ ಅದು ಹಿಡಿಸಿತು. ನನಗಿಂತ ಹಿರಿಯಳು, ಎತ್ತರದ ಹೆಂಗಸು, ಕೈ ಒರಟು. ನಮ್ಮನ್ನ ಕಂಡ ಕೂಡಲೇ ಊಟ ಆಯ್ತಾ ಅಂತ ಕೇಳಲಿಲ್ಲ. ಅಲ್ಲಿ ಯಾರೂ ಕೇಳೋದಿಲ್ಲ. ಟೀ ಕುಡಿಯುತ್ತೀರಾ ಅಂತಾರೆ, ಕುಡಿದು ಮುಗಿಸಿದರೆ ಇನ್ನೊಂದು ಟೀ ಅಂತಾರೆ. ಮನೆಯಲ್ಲಿ ಏನೇ ಆಗಲಿ, ಖುಷಿಯಾಗಲಿ, ಜಗಳವಾಗಲಿ, ಮೊದಲು ಕೆಟ್ಲು ಒಲೆ ಮೇಲೆ ಕೂರುತ್ತದೆ.

ಅವಳು ಹೇಳಿದ್ದನ್ನೆಲ್ಲ ನಾಗರಾಜ ನಮ್ಮ ಕನ್ನಡಕ್ಕೆ ತಿರುಗಿಸುತ್ತಿದ್ದ. ಹಾಗಾಗಿ ನನ್ನ ಕಿವಿಯಲ್ಲಿ ಜೀನಮ್ಮ ಇವತ್ತಿಗೂ ಪರಿಗಿ ಹೆಂಗಸಿನ ಹಾಗೇ ಮಾತಾಡುತ್ತಾಳೆ.

ರಾತ್ರಿ ಊಟಕ್ಕೆ ಅವಳು ಕೆಸರಿನ ಅಂಚಿನಿಂದ ಕಿತ್ತು ತಂದ ಒಂದು ಸೊಪ್ಪನ್ನ ಬೆಣ್ಣೆಯಲ್ಲಿ ಬಾಡಿಸಿದಳು. ಎಲೆಯೇ ಇಲ್ಲ, ಬರೀ ದಪ್ಪ ಹಸಿರು ಕಡ್ಡಿ. ಕಚ್ಚಿದರೆ ಗೋಣಿಸೊಪ್ಪಿನ ಥರ ನೀರು ಬಿಡುತ್ತದೆ, ಉಪ್ಪು ಅದರೊಳಗೇ ಇದೆ. ನಾನು ನಮ್ಮ ಕಡಲೆಕಾಯಿ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿದೆ. ಜೀನಮ್ಮ ಒಂದು ಚಮಚ ತಿಂದು ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಇನ್ನೊಂದು ಚಮಚ ಹಾಕಿಸಿಕೊಂಡಳು.

ಆಮೇಲೆ ನಾನು ಬಂದ ವಿಷಯಕ್ಕೆ ಬಂದೆ. "ಏರಿ ಯಾಕೆ ಒಡಿಸ್ತೀಯ?"

ಅವಳು ಕೂಸಾಗಿದ್ದಾಗ ಕಡಲು ಇದೇ ಅಡುಗೆಮನೆಗೆ ನುಗ್ಗಿತ್ತಂತೆ. ಅವಳಪ್ಪ ಆಮೇಲೆ ಏರಿಯನ್ನ ಎತ್ತರಿಸಿದ್ದು. ಅವನು ಇರೋವರೆಗೂ ಅವನು, ಆಮೇಲೆ ಇವಳು, ವರ್ಷಾವರ್ಷ ಅದಕ್ಕೆ ಮಣ್ಣು ಹಾಕುತ್ತಲೇ ಬಂದರು. ಸರ್ಕಾರವೂ ರಿಪೇರಿಗೆ ಕೊಡುತ್ತಿತ್ತು. ಈಗ ಇಲ್ಲಿ ಮಾತ್ರ ರಿಪೇರಿಗೆ ಕೊಡೋದಿಲ್ಲ. ಏರಿ ಒಡೆದು ಹೊಲವನ್ನ ಉಪ್ಪುನೀರಿನ ಹುಲ್ಲುಗಾವಲು ಮಾಡಿದರೆ ಗ್ರಾಂಟು ಕೊಡುತ್ತದೆ. ಅದರಲ್ಲೇ ಮನೆ ಹತ್ತಿರ ಹೊಸ ಏರಿ ಕಟ್ಟಿಸಿ ಆಗಿದೆ. ಹಳೇ ಏರಿಗೂ ಹೊಸ ಏರಿಗೂ ನಡುವೆ ಇರೋ ಬಾರ್ಲಿ ಹೊಲ ಕಡಲಿಗೆ. ಮತ್ತೆ ಅದನ್ನ ಉಳೋ ಹಾಗಿಲ್ಲ.

"ಅಂದ್ರೆ ಕಟ್ಟಾಕೆ ದುಡ್ಡಿಲ್ಲ, ಒಡಿಯಾಕೆ ದುಡ್ಡೈತೆ," ಅಂದೆ. ನಾಗರಾಜ ಇದನ್ನ ಮೆತ್ತಗೆ ಮಾಡಿ ಹೇಳೋಕೆ ನೋಡಿದ. ಜೀನಮ್ಮನಿಗೆ ನನ್ನ ದನಿಯಲ್ಲೇ ಅರ್ಥವಾಗಿತ್ತು. ಹೆಲೆನ್ ಕಡೆ ನೋಡಿ ನಕ್ಕಳು. ಇದೇ ಮಾತನ್ನ ಅವಳೂ ಹೆಲೆನ್‌ಗೆ ಹೇಳಿ ಬಾಗಿಲು ಹಾಕಿಕೊಂಡಿದ್ದಳಂತೆ.

ಹೆಲೆನ್ ಮೇಜಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದಳು. ಬರೀ ಏರಿ ಇದ್ದರೆ ದೊಡ್ಡ ಅಲೆ ಪೂರ್ತಿ ಜೋರಿನಲ್ಲಿ ಬಂದು ಬಡಿಯುತ್ತದೆ. ಮುಂದೆ ಅಗಲಕ್ಕೆ ಹುಲ್ಲು ಬೆಳೆದರೆ ಅಲೆ ಅದರಲ್ಲೇ ದಣಿಯುತ್ತದೆ, ಹೊಸ ಏರಿ ಮುಟ್ಟೋ ಹೊತ್ತಿಗೆ ಜೋರಿರೋದಿಲ್ಲ. ಮೀನಿನ ಮರಿಗೂ ಹಕ್ಕಿಗೂ ಜಾಗ. ನಾಳೆಯ ದಿನ ಕಡಲು ವರ್ಷದಲ್ಲೇ ಹೆಚ್ಚು ಏರೋ ದಿನಗಳಲ್ಲೊಂದು. ನಾಳೆ ಒಡೆಯದಿದ್ದರೆ ಮತ್ತೆ ಚಳಿಗಾಲ ದಾಟಬೇಕು, ಅಷ್ಟರಲ್ಲಿ ಈ ಗ್ರಾಂಟಿನ ಗಡುವೇ ಮುಗಿಯುತ್ತದೆ.

"ನಿಂಗೆ ಮನಸಾರೆ ಒಪ್ಗೇನಾ?" ಅಂತ ಜೀನಮ್ಮನನ್ನ ಕೇಳಿದೆ.

ಅವಳು ತಟ್ಟೆ ತೊಳೆಯೋಕೆ ಎದ್ದಳು. "ಕಡಲು ಏರ್ತಾ ಐತೆ. ನಾನ್ ಬಿಟ್ಕೊಡ್ದೆ ಇದ್ರೆ ಅದೇ ಒಂದಿನ ಕಿತ್ಕಂತದೆ. ಆವಾಗ ಮನೇನೂ ಹೋಯ್ತದೆ," ಅಂದಳು. ನಾನು ಕೇಳಿದ್ದಕ್ಕೆ ಅದು ಉತ್ತರ ಅಲ್ಲ. ಅದು ನನಗೂ ಗೊತ್ತಾಯಿತು, ಅವಳಿಗೂ.

ಏರಿಯ ಮೇಲೆ

ನಮ್ಮಪ್ಪ ಕಂಬದೂರು ಕಡೆಯ ಒಂದು ಕೆರೆಗೆ ನೀರುಗಂಟಿ. ತೂಬು ಎತ್ತೋದು, ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡೋದು ಅವನ ಕೆಲಸ. ಕೆರೆ ತುಂಬಿದ ವರ್ಷ ಬೆಳಗಾಗುತ್ತಲೇ ಬರಿಗಾಲಿನಲ್ಲಿ ಏರಿ ಉದ್ದಕ್ಕೂ ನಡೆಯುತ್ತಿದ್ದ. ಎಲ್ಲಾದರೂ ಬುಂಗ ಬಿದ್ದಿದೆಯಾ, ಅಂದರೆ ನೀರು ಒಳಗೊಳಗೇ ತೂತು ಮಾಡಿಕೊಂಡು ಬರುತ್ತಿದೆಯಾ ಅಂತ ಅಂಗಾಲಿನಲ್ಲೇ ನೋಡುತ್ತಿದ್ದ. ನಾನು ಲಂಗ ಎತ್ತಿ ಕಟ್ಟಿಕೊಂಡು ಹಿಂದೆ. ಆ ಅಭ್ಯಾಸ ನನ್ನನ್ನ ಬಿಟ್ಟಿಲ್ಲ. ನೀರಿನ ಪಕ್ಕ ಏರಿ ಕಂಡರೆ ಬೆಳಗ್ಗೆ ಒಂದು ಸಲ ನಡೆಯಲೇಬೇಕು.

ಮರುದಿನ ಬೆಳಗ್ಗೆ ಕಂಬಳಿ ಹೊದ್ದು ಬರಿಗಾಲಿನಲ್ಲೇ ಹೊರಟೆ. ಚಪ್ಪಲಿಯಂತೂ ಕೆಸರಿನ ಪಾಲಾಗಿತ್ತು. ಕಡಲು ಬಂದಿತ್ತು. ನಿನ್ನೆ ನಾನು ಹೂತುಕೊಂಡಿದ್ದ ಜಾಗದ ಮೇಲೆ ಈಗ ಆಳದ ನೀರು, ಏರಿಯ ಅರ್ಧಕ್ಕೂ ಮೇಲೆ. ಇಷ್ಟೊಂದು ನೀರು ಒಂದೇ ಕಡೆ ನಾನು ಯಾವತ್ತೂ ನೋಡಿದ್ದಿಲ್ಲ. ಬಾಯಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

ಮುಂದೆ ಹೋದರೆ ಏರಿಯನ್ನ ಅಡ್ಡಕ್ಕೆ ಅಗೆದಿದ್ದ ಜಾಗ. ಮಿಷಿನ್ನಿನವರು ಹಿಂದಿನ ದಿನವೇ ಅಗೆದು, ಕಡಲಿನ ಕಡೆ ಒಂದು ಗೋಡೆಯಷ್ಟು ಮಣ್ಣು ಬಿಟ್ಟಿದ್ದರು. ನೀರು ಇಳಿದ ಮೇಲೆ ಮಧ್ಯಾಹ್ನ ಅದನ್ನೂ ತೆಗೆಯೋದು, ಸಾಯಂಕಾಲ ಏರೋ ನೀರು ಒಳಗೆ ಬರೋದು ಅಂತ ಏರ್ಪಾಡು. ಇದೆಲ್ಲ ನನಗೆ ಹೇಳಿದ್ದರು, ಎಲ್ಲಾ ಗೊತ್ತಿತ್ತು.

ಆದರೆ ಆ ಮಣ್ಣುಗೋಡೆಯ ಬುಡದಲ್ಲಿ ಬೆರಳು ಗಾತ್ರದ ನೀರು ಒಸರುತ್ತಿತ್ತು. ಬಗ್ಗಿ ನೋಡಿದೆ. ತಿಳಿ ಅಲ್ಲ, ಕಲಕು ನೀರು. ಕಲಕು ನೀರು ಬಂತು ಅಂದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಅಂತ. ಆಮೇಲೆ ನಾನು ಯೋಚನೆ ಮಾಡಲಿಲ್ಲ, ಕೈಯೇ ಮಾಡಿತು. ಬುಂಗಕ್ಕೆ ನೀರಿನ ಕಡೆಯಿಂದಲೇ ತುರುಕಬೇಕು. ಗೋಡೆ ಮೇಲೆ ಹೊಟ್ಟೆ ಹಾಕಿ ಮಲಗಿ, ಆಚೆ ಕೈ ಇಳಿಸಿ, ನೀರು ಎಲ್ಲಿ ಸೆಳೆಯುತ್ತಿದೆ ಅಂತ ತಡವಿ, ಹೊದ್ದಿದ್ದ ಕಂಬಳಿ ಸುತ್ತಿ ಅಲ್ಲಿಗೆ ತುರುಕಿದೆ. ಈಚೆಗೆ ಬಂದು ಹುಲ್ಲುಗಡ್ಡೆ ಕಿತ್ತು, ಜೇಡಿಮಣ್ಣು ಒತ್ತಿ, ಕಾಲಿನಲ್ಲಿ ತುಳಿಯೋಕೆ ಶುರು ಮಾಡಿದೆ.

ನಾಗರಾಜ ಓಡಿ ಬಂದ. "ಅತ್ತಿಗೆ, ಏನ್ ಮಾಡ್ತಿದ್ದೀಯ? ಇವತ್ತು ಇದನ್ನ ಒಡಿಯಾ ದಿನ ಕಣಮ್ಮ!"

"ಒಡಿಯೋರು ಒಡ್ಕಳ್ಳಿ. ತಾನಾಗೇ ಒಡೀಬಾರ್ದು. ಸುಮ್ಕೆ ನಿಂತ್ಕಬೇಡ, ಮಣ್ಣು ಕೊಡೋ."

ಮೇಷ್ಟ್ರು ಪ್ಯಾಂಟು ಮಡಿಸಿಕೊಂಡು ಮಣ್ಣು ಕೊಟ್ಟ. ತಲೆಯೆತ್ತಿದರೆ ಜೀನಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ನನಗೆ ನಾಚಿಕೆಯಾಯಿತು. ಊರೆಲ್ಲ ಸೇರಿ ಒಡೆಯೋಕೆ ಇಟ್ಟಿರೋದನ್ನ ಎಲ್ಲಿಂದಲೋ ಬಂದ ನೆಂಟಳು ಮೆತ್ತುತ್ತಾ ಕೂತಿದ್ದಾಳೆ.

ಜೀನಮ್ಮ ಬೂಟಿನಲ್ಲೇ ಇಳಿದಳು. ಮಂಡಿಯೂರಿ ನಾನು ಒತ್ತಿದ ಹುಲ್ಲುಗಡ್ಡೆಯ ಪಕ್ಕ ಇನ್ನೊಂದು ಇಟ್ಟಳು. ಅಂಗೈಯಲ್ಲಿ ಬಡಿದು, ಎದ್ದು ನಿಂತು ತುಳಿದಳು. ಅವಳ ತುಳಿತದಲ್ಲೇ ಗೊತ್ತಾಯಿತು, ಎಷ್ಟೋ ವರ್ಷದಿಂದ ಬಂದ ಕೆಲಸ ಅದು. ಇಬ್ಬರೂ ಸೇರಿ ತುಳಿದೆವು. ನೀರು ನಿಂತಿತು.

ಆಗ ಅವಳು ಏನೋ ಹೇಳಿದಳು. ನಾಗರಾಜ ಹಿಡಿದಿದ್ದ ಮಣ್ಣು ಕೆಳಗಿಟ್ಟ. "ಅವರಪ್ಪ ಹೋದ್ಮ್ಯಾಕೆ ಏರಿ ಮೇಲೆ ಇನ್ನೊಬ್ರು ಜತೆಗೂಡಿ ಕೆಲಸ ಮಾಡಿದ್ದು ಇದೇ ಮೊದ್ಲಂತೆ," ಅಂದ. ಜೀನಮ್ಮ ಅಳುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಕೈಯೆಲ್ಲ ಮಣ್ಣು, ಒರೆಸಿಕೊಳ್ಳೋಕೂ ಆಗದೆ ಇಬ್ಬರೂ ಹಾಗೇ ಅತ್ತೆವು.

ಹೆಲೆನ್ ಬಂದಳು. ಮೆತ್ತಿದ ಜಾಗ ನೋಡಿದಳು, ನಮ್ಮನ್ನ ನೋಡಿದಳು. ಅವಳ ಮುಖ ಬಿಳಿಚಿತು. ಈ ಒಂದು ಹೊಲಕ್ಕಾಗಿ ಅವಳು ಎಷ್ಟು ಸಲ ಈ ಮನೆ ಮೆಟ್ಟಿಲು ಹತ್ತಿದ್ದಳೋ ಏನೋ.

"ಇವತ್ತು ಬ್ಯಾಡ ಅಂದ್ರೆ?" ಅಂತ ಜೀನಮ್ಮ ಕೇಳಿದಳು.

ಹೆಲೆನ್, "ಬೇಡ ಅಂದರೆ ಬೇಡ. ಜಮೀನು ನಿಮ್ಮದು. ಮಿಷಿನ್ನು ವಾಪಸ್ ಕಳಿಸುತ್ತೇನೆ," ಅಂದಳು.

ನಮ್ಮ ಕಡೆ ಆಫೀಸರು ಹೀಗೆ ಅಂದಿದ್ದರೆ ನಾನು ಆಗಲೇ ಕೈ ಮುಗಿದು ಮನೆಗೆ ಹೋಗಿರುತ್ತಿದ್ದೆ. ಜೀನಮ್ಮ ಹೋಗಲಿಲ್ಲ. ಹೊಲದ ಕಡೆ ತಿರುಗಿ ನಿಂತಳು. ಬಾರ್ಲಿ ಕೊಯ್ದು ಬರೀ ಕೂಳೆ ಉಳಿದಿತ್ತು. ಆಮೇಲೆ ನನ್ನ ಕೈ ನೋಡಿ, ತನ್ನ ಕೈ ನೋಡಿಕೊಂಡು, "ಟೀ ಕುಡಿಯಾನ. ಮಧ್ಯಾಹ್ನ ಸಲಿಕೆ ನಾನೇ ತತ್ತೀನಿ," ಅಂದಳು.

ಸಾಯಂಕಾಲದ ನೀರು

ಮಧ್ಯಾಹ್ನ ನೀರು ಇಳಿದ ಮೇಲೆ ಮೊದಲ ಸಲಿಕೆ ಅವಳೇ ಹಾಕಿದಳು. ನಾವಿಬ್ಬರೂ ಮೆತ್ತಿದ ಜಾಗಕ್ಕೇ ಹಾಕಿದಳು. ಆಮೇಲೆ ಮಿಷಿನ್ನು. ಅದರ ಬಕೆಟ್ಟಿನಲ್ಲಿ ಮಣ್ಣಿನ ಜೊತೆ ಕಪ್ಪಗೆ ಏನೋ ಜೋತಾಡಿತು. ಡ್ರೈವರು ಹೆದರಿ ಮಿಷಿನ್ನು ನಿಲ್ಲಿಸಿಬಿಟ್ಟ, ಯಾವುದೋ ಪ್ರಾಣಿ ಅಂದುಕೊಂಡನಂತೆ. ಅದು ನನ್ನ ಕಂಬಳಿ. ಅಲ್ಲೇ ಇರಲಿ ಬಿಡು ಅಂದೆ.

ಸಾಯಂಕಾಲ ಅಕ್ಕಪಕ್ಕದವರೆಲ್ಲ ಫ್ಲಾಸ್ಕಿನಲ್ಲಿ ಟೀ ತಂದು ಹೊಸ ಏರಿಯ ಮೇಲೆ ನಿಂತರು. ಪೂಜೆ ಇಲ್ಲ, ತೆಂಗಿನಕಾಯಿ ಇಲ್ಲ, ಮೈಕಿಲ್ಲ. ಕಡಲು ಭೋರ್ಗರೆದು ನುಗ್ಗುತ್ತದೆ ಅಂದುಕೊಂಡು ನಾನು ನಾಗರಾಜನ ತೋಳು ಹಿಡಿದಿದ್ದೆ. ಅದು ಕಾಲುವೆಗೆ ಬಿಟ್ಟ ಮೊದಲ ನೀರಿನ ಹಾಗೆ ಮೆಲ್ಲಗೆ, ಮುಂದೆ ನೊರೆ ಹೊತ್ತುಕೊಂಡು, ಕೂಳೆಗಳ ನಡುವೆ ದಾರಿ ಹುಡುಕುತ್ತಾ ಬಂತು.

ಜೀನಮ್ಮ ಮೆತ್ತಗೆ ಏನೋ ಹೇಳುತ್ತಿದ್ದಳು. ಮಂತ್ರ ಇರಬೇಕು ಅಂದುಕೊಂಡೆ. ಹೊಲದ ತುಂಡುಗಳ ಹೆಸರಂತೆ. ನೀರು ಒಂದೊಂದನ್ನ ಮುಟ್ಟಿದಾಗಲೂ ಅದರ ಹೆಸರು ಹೇಳುತ್ತಿದ್ದಳು. "ಇದು ಕುದುರೆ ಹೊಲ. ಇದು ಬಾವಿ ಮೂಲೆ. ಇದು ಅಜ್ಜಿ ಪಟ್ಟಿ," ಅಂತ ನಾಗರಾಜ ನನ್ನ ಕಿವಿಯಲ್ಲಿ ಹೇಳುತ್ತಾ ಹೋದ. ನಮ್ಮ ಕಡೆಯೂ ಹೊಲಕ್ಕೆ ಹಿಂಗೇ ಹೆಸರು. ನನ್ನ ಕಂಬಳಿಯೂ ತೇಲುತ್ತಾ ಒಳಗೆ ಬಂದು ಅಜ್ಜಿ ಪಟ್ಟಿಯ ಹತ್ತಿರ ನಿಂತಿತು.

"ಹೆಂಗನ್ನಿಸ್ತದೆ ಜೀನಮ್ಮ?" ಅಂತ ಕೇಳಿದೆ.

ಅವಳು ನೀರಿನ ಮೇಲಿಂದ ಕಣ್ಣು ತೆಗೆಯದೆ, "ನಾಳೆ ಕೇಳು," ಅಂದಳು.

ಮರುದಿನ ಹೊತ್ತೇರೋ ಅಷ್ಟರಲ್ಲಿ ಬೆಳಗಿನ ನೀರೂ ಬಂದು ಇಳಿದಿತ್ತು. ಹೊಲದ ತುಂಬ ತೆಳುವಾದ ಹೊಸ ಕೆಸರು, ಅದರ ಮೇಲೆ ಕೆಂಪು ಕಾಲಿನ ಸಣ್ಣ ಹಕ್ಕಿಗಳು ಆಗಲೇ ಕೊಕ್ಕು ಚುಚ್ಚಿಕೊಂಡು ಓಡಾಡುತ್ತಿದ್ದವು. ಇವಕ್ಕೆ ಯಾರು ಸುದ್ದಿ ಕೊಟ್ಟರೋ. ಜೀನಮ್ಮ ಕಿಟಕಿಯ ಹತ್ತಿರ ಕಪ್ಪು ತೊಳೆಯುತ್ತಿದ್ದಳು. ನಾಳೆ ಅಂದಿದ್ದಳಲ್ಲ, ಮತ್ತೆ ಕೇಳಿದೆ. ಮತ್ತೆ "ನಾಳೆ ಕೇಳು," ಅಂದಳು. ಅವತ್ತೇ ನಾವು ಹೊರಡೋ ದಿನ. ಬಾಗಿಲಲ್ಲಿ ನನ್ನನ್ನ ತಬ್ಬಿಕೊಂಡು, ತನ್ನ ಬೂಟುಗಳನ್ನ ನನ್ನ ಕೈಗಿಟ್ಟಳು. ನನ್ನ ಕಾಲಿಗೆ ಅವು ತುಂಬಾ ದೊಡ್ಡವು. ಆದರೂ ತಂದೆ.

ಪರಿಗಿ

ನಾನು ಬರೋ ಹೊತ್ತಿಗೆ ಹುಳ ಗೂಡು ಕಟ್ಟಿದ್ದವು. ನಮ್ಮೆಜಮಾನರು ಸೊರಗಿದ್ದರು. ಕೆರೆ ಪಕ್ಕದ ಹುಣಸೆ ಮರದ ಕೆಳಗೆ ಮೀಟಿಂಗು. ಅಲ್ಲಿ ಏನು ನೋಡಿದೆ ಅಂತ ಎಲ್ಲರೂ ಕೇಳಿದರು. ಕಡಲು, ಕೆಸರು, ಟೀ ಅಂತ ಹೇಳಿದೆ. ಹಕ್ಕಿ ಬಂದವು ಅಂತಲೂ ಹೇಳಿದೆ. ಅದಕ್ಕೇ ನನ್ನ ಮನಸ್ಸು ತಿರುಗಿತು ಅಂದರೆ ಸುಳ್ಳಾಗುತ್ತದೆ. ಬೇಡ ಅನ್ನಬಹುದು ಅಂತ ಆಫೀಸರೇ ಹೇಳಿದ ಮೇಲೂ ಆಯಮ್ಮ ತಾನೇ ಸಲಿಕೆ ತಂದಳಲ್ಲ, ಅದು ನನ್ನ ಎದೆಯಲ್ಲಿ ಕೂತಿತ್ತು. ಒಂದು ಬೆಳೆ ಸೊಪ್ಪು ಪೂರ್ತಿ ಕೊಯ್ದುಕೊಂಡ ಮೇಲೆ ಕೋಡಿ ಎತ್ತರಿಸಿ, ಮೊದಲ ಕಲ್ಲು ನಾನೇ ಹೊತ್ತು ಇಡುತ್ತೀನಿ ಅಂದೆ. ಸಂಸ್ಥೆಯವರು ಚಪ್ಪಾಳೆ ಹೊಡೆದರು. ಹೊಡೀಬೇಡ್ರಪ್ಪ ಅಂದೆ.

ಕೋಡಿ ಎತ್ತರವಾದ ಮೇಲೆ ಈ ವರ್ಷ ಮಳೆ ಹಿಡಿದು ಕೆರೆ ತುಂಬಿತು. ಜೀನಮ್ಮನ ಬೂಟು ಹಾಕಿಕೊಂಡು, ಸಡಿಲ ಆಗದಂತೆ ಒಳಗೆ ಹಳೇ ಸೀರೆ ತುರುಕಿಕೊಂಡು, ತೋಟದ ಅಂಚಿನಲ್ಲಿ ನಿಂತೆ. ನೀರು ಸಾಲು ಸಾಲಾಗಿ ಏರಿತು. ಅತ್ತೆ ನೆಟ್ಟ ಸಾಲು, ನಾನು ಬಸುರಿಯಾಗಿದ್ದಾಗ ನೆಟ್ಟ ಸಾಲು, ಬಾವಿ ಸಾಲು. ನನಗೇ ಗೊತ್ತಿಲ್ಲದೆ ಒಂದೊಂದರ ಹೆಸರೂ ಹೇಳುತ್ತಿದ್ದೆ. ಕತ್ತಲಾಗೋ ಮುಂಚೆ ಕೊನೇ ಸಾಲಿನ ತುದಿ ಮಾತ್ರ ಮೇಲೆ ಉಳಿದಿತ್ತು. ಅದರ ಮೇಲೆ ಒಂದು ಕೊಕ್ಕರೆ ಇಳಿದು, ಕಡ್ಡಿ ಬಾಗಿದ್ದಕ್ಕೆ ಹೆದರಿ ಹಾರಿಹೋಯಿತು.

ಆ ಸಂಜೆಯೇ ಕಲ್ಯಾಣದುರ್ಗದಿಂದ ಬಂದಿದ್ದ ನಾಗರಾಜನ ಫೋನಿಗೆ ಜೀನಮ್ಮನ ಮುಖ ಬಂತು. ಮೊದಲು ಒಂದು ಫೋಟೋ ತೋರಿಸಿದಳು. ಅಜ್ಜಿ ಪಟ್ಟಿಯ ಕೆಸರಿನಲ್ಲಿ ಅರ್ಧ ಹೂತ ನನ್ನ ಕಂಬಳಿ, ಅದರ ನೆಯ್ಗೆಯ ಸಂದಿಯಿಂದ ಮೇಲೆದ್ದ ಆ ಉಪ್ಪುಸೊಪ್ಪಿನ ಹಸಿರು ಕಡ್ಡಿಗಳು. ಆಮೇಲೆ ನಾಗರಾಜ ಫೋನನ್ನ ನಮ್ಮ ಕೆರೆ ಕಡೆ ತಿರುಗಿಸಿ ತೋಟ ಇದ್ದ ಜಾಗ ತೋರಿಸಿದ.

ಜೀನಮ್ಮ ಮುಖ ಹತ್ತಿರ ತಂದು ನೋಡಿದಳು. ಆಮೇಲೆ ಏನೋ ಕೇಳಿದಳು. ನಾಗರಾಜ ಬಾಯಿ ತೆರೆಯೋ ಮುಂಚೆಯೇ ಏನು ಕೇಳಿದಳು ಅಂತ ನನಗೆ ಗೊತ್ತಾಯಿತು.

"ನಾಳೆ ಕೇಳು ಜೀನಮ್ಮ," ಅಂತ ಕನ್ನಡದಲ್ಲೇ ಅಂದೆ.

ಅವಳು ಹ್ಞೂಂ ಅಂತ ತಲೆಯಾಡಿಸಿದಳು. ನಾಗರಾಜ ಇಂಗ್ಲಿಷಿಗೆ ತಿರುಗಿಸೋಕೆ ಹೋಗಲಿಲ್ಲ.